ಉಯಿಲೂ ಅದರ ನಿರ್ವಾಹಕನೂ

ಮನುಷ್ಯನು ಬದುಕಿರುವಾಗ ತನ್ನ ಮಾತನ್ನು ತಾನೇ ನಡೆಸಿಕೊಡಬಲ್ಲನು. ತಪ್ಪಿದರೆ ಕೇಳುವವರಿದ್ದಾರೆ, ಉಳಿಸಿಕೊಂಡರೆ ಮೆಚ್ಚುವವರಿದ್ದಾರೆ. ಆದರೆ ಅವನು ಆಡುವ ಮಾತುಗಳಲ್ಲಿ ಒಂದು ಮಾತ್ರ ಅವನು ಕಣ್ಣು ಮುಚ್ಚಿದ ಮೇಲೆಯೇ ನಡೆಯತಕ್ಕದ್ದು. ಅದೇ ಉಯಿಲು ಅಥವಾ ಮರಣಶಾಸನ. ಅದನ್ನು ಬರೆದವನು ಅದು ನಡೆಯುವುದನ್ನು ನೋಡಲಾರ. ತಪ್ಪಾಗಿ ನಡೆದರೆ ಬಂದು ತಿದ್ದಲಾರ. ಅವನ ಮಾತಿಗೆ ಬೇರೊಬ್ಬನು ಕೈಕಾಲಾಗಬೇಕು. ಆ ಬೇರೊಬ್ಬನನ್ನೇ ನ್ಯಾಯಾಲಯದ ಭಾಷೆಯಲ್ಲಿ ಎಕ್ಸಿಕ್ಯೂಟರ್ ಎನ್ನುತ್ತಾರೆ. ಕನ್ನಡದಲ್ಲಿ ಉಯಿಲಿನ ನಿರ್ವಾಹಕ ಎನ್ನಬಹುದು.

ಉಯಿಲು ಬರೆಯುವವರು ಆಸ್ತಿಯು ಯಾರು ಯಾರಿಗೆ ಎಷ್ಟೆಷ್ಟು ಸೇರಬೇಕೆಂಬುದನ್ನು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಮನೆ ಹಿರಿಯನಿಗೋ ಕಿರಿಯನಿಗೋ, ಒಡವೆ ಮಗಳಿಗೋ ಸೊಸೆಗೋ ಎಂದು ಲೆಕ್ಕ ಹಾಕುತ್ತಾರೆ. ಆದರೆ ಈ ಹಂಚಿಕೆಯನ್ನು ಮಾಡತಕ್ಕವರು ಯಾರು ಎಂಬ ಪ್ರಶ್ನೆಗೆ, ಪತ್ರಬರಹಗಾರನ ಮೇಜಿನ ಮುಂದೆ ಕುಳಿತಾಗ, ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟುಬಿಡುತ್ತಾರೆ: "ಇನ್ನಾರು? ನನ್ನ ಹಿರಿಯ ಮಗ." ಈ ಒಂದು ನಿಮಿಷದ ಉತ್ತರವು ಎಷ್ಟೋ ಮನೆಗಳಲ್ಲಿ ಹಲವು ವರ್ಷಗಳ ವ್ಯಥೆಗೆ ಕಾರಣವಾಗುವುದುಂಟು. ಆದಕಾರಣ ನಿರ್ವಾಹಕನೆಂದರೆ ಯಾರು, ಅವನ ಕರ್ತವ್ಯಗಳೇನು, ಪ್ರತಿಫಲ ಪಡೆದು ಇದನ್ನೇ ವೃತ್ತಿಯಾಗಿ ಮಾಡುವವರನ್ನು ನೇಮಿಸುವುದು ಯಾವಾಗ ಉಚಿತ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಯತ್ನಿಸಿದ್ದೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ನಮ್ಮ ಮನೆಯಿಂದ. ನನ್ನ ತಾಯಿಯ ತಂದೆಯವರು ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ತಾಲ್ಲೂಕು ಕೇಂದ್ರದಲ್ಲಿ ಅವರು ಕಟ್ಟಿಸಿದ ಒಂದು ಮನೆಯೇ ಅವರ ಆಸ್ತಿ. ತಮ್ಮ ಕಾಲಾನಂತರ ಅದನ್ನು ಮಾರಿ, ಬಂದ ಹಣವನ್ನು ನನ್ನ ಸೋದರಮಾವ, ನನ್ನ ತಾಯಿ, ನನ್ನ ಚಿಕ್ಕಮ್ಮ ಈ ಮೂವರಿಗೂ ಸಮನಾಗಿ ಹಂಚಬೇಕೆಂದು ಅವರು ಉಯಿಲು ಬರೆದು, ರಿಜಿಸ್ಟರೂ ಮಾಡಿಸಿದ್ದರು. ನಿರ್ವಾಹಕರಾಗಿ ಸೋದರಮಾವನವರನ್ನು ನೇಮಿಸಿದ್ದರು. ಉಯಿಲಿನಲ್ಲಿ ದೋಷವೇನೂ ಇರಲಿಲ್ಲ. ಆದರೆ ಮಾರಬೇಕಾದ ಆ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ವಾಸವಾಗಿದ್ದವರು ಸೋದರಮಾವನವರೇ. ಅಜ್ಜನ ಮಾತನ್ನು ನಡೆಸಬೇಕಾದರೆ ಅವರು ತಮ್ಮ ಸಂಸಾರವನ್ನು ತಾವೇ ಬೀದಿಗೆ ಇಳಿಸಬೇಕಾಗಿತ್ತು. "ಈ ವರ್ಷ ಬೆಲೆ ಇಳಿದಿದೆ," "ಮಗಳ ಮದುವೆಯೊಂದು ಮುಗಿಯಲಿ," "ಮಳೆಗಾಲ ಕಳೆಯಲಿ" ಎನ್ನುತ್ತ ಒಂಬತ್ತು ವರ್ಷಗಳು ಕಳೆದವು. ಚಿಕ್ಕಮ್ಮ ಗಂಡನನ್ನು ಕಳೆದುಕೊಂಡವರು. ಅವರ ಮಗಳು ಪಿ. ಯು. ಸಿ. ಮುಗಿಸಿ, ಮುಂದೆ ಓದಲು ಹಣವಿಲ್ಲದೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮನೆ ಮಾರಾಟವಾಗಿ ಪಾಲು ಕೈಗೆ ಬರುವ ಹೊತ್ತಿಗೆ ಅವಳು ಪುಸ್ತಕವನ್ನೇ ಮರೆತಿದ್ದಳು. ಸೋದರಮಾವನವರು ಮೋಸಗಾರರಲ್ಲ, ಕಡೆಗೆ ಹಂಚಿದಾಗ ಒಂದು ರೂಪಾಯಿಯನ್ನೂ ಹೆಚ್ಚಾಗಿ ಇಟ್ಟುಕೊಂಡವರಲ್ಲ. ಪ್ರಾಮಾಣಿಕರ ಕೈಯಲ್ಲೂ ಹೀಗಾಗುವುದೇಕೆ ಎಂಬ ಪ್ರಶ್ನೆಯೇ ನನ್ನನ್ನು ಈ ಅಭ್ಯಾಸಕ್ಕೆ ಹಚ್ಚಿತು.

ಉಯಿಲಿನ ಹಿನ್ನೆಲೆ

ನಮ್ಮ ಧರ್ಮಶಾಸ್ತ್ರಗಳು ದಾಯಭಾಗವನ್ನು ಕುರಿತು ವಿಸ್ತಾರವಾಗಿ ಹೇಳುತ್ತವೆಯಾದರೂ ಇಂದಿನ ಅರ್ಥದ ಉಯಿಲು ಅವುಗಳಲ್ಲಿಲ್ಲ. ಅವಿಭಕ್ತ ಕುಟುಂಬದಲ್ಲಿ ಆಸ್ತಿಯು ಒಬ್ಬನದಲ್ಲ. ಒಬ್ಬನದಲ್ಲದ್ದನ್ನು ಒಬ್ಬನು ಬರೆದುಕೊಡುವಂತೆಯೂ ಇರಲಿಲ್ಲ. ಬ್ರಿಟಿಷ್ ನ್ಯಾಯಾಲಯಗಳು ನೆಲೆಗೊಂಡ ಮೇಲೆ ಕಲ್ಕತ್ತ, ಮದ್ರಾಸು, ಮುಂಬಯಿಗಳಂಥ ಪಟ್ಟಣಗಳಲ್ಲಿ ಹಿಂದೂಗಳು ಉಯಿಲು ಬರೆಯುವ ರೂಢಿ ಬೆಳೆಯಿತು. 1870ರಲ್ಲಿ ಹಿಂದೂ ಉಯಿಲು ಕಾಯಿದೆಯೂ 1881ರಲ್ಲಿ ಪ್ರೊಬೇಟ್ ಮತ್ತು ಅಡ್ಮಿನಿಸ್ಟ್ರೇಷನ್ ಕಾಯಿದೆಯೂ ಬಂದವು. ಇವನ್ನೆಲ್ಲ ಒಟ್ಟುಗೂಡಿಸಿದ್ದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅವಿಭಕ್ತ ಕುಟುಂಬದಲ್ಲಿ ತನಗಿರುವ ಹಕ್ಕನ್ನು ಕೂಡ ಹಿಂದೂ ಒಬ್ಬನು ಉಯಿಲಿನ ಮೂಲಕ ಕೊಡಬಹುದೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಸ್ಪಷ್ಟಪಡಿಸಿತು. ಮುಸಲ್ಮಾನರ ಶಾಸ್ತ್ರದಲ್ಲಾದರೋ ಉಯಿಲು ಪ್ರಾಚೀನವಾದದ್ದು. ಸಾಲ ಮತ್ತು ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು, ವಾರಸುದಾರರ ಒಪ್ಪಿಗೆಯಿಲ್ಲದೆ, ಬರೆದುಕೊಡುವಂತಿಲ್ಲ. ಅಲ್ಲಿ ನಿರ್ವಾಹಕನಿಗೆ ವಸೀ ಎಂದು ಹೆಸರು.

ಬರೆಯುವ ಕ್ರಮ ಸರಳವಾದುದು. ಸ್ವಸ್ಥಚಿತ್ತನಾದ ವಯಸ್ಕನು ಬರೆದು ರುಜು ಅಥವಾ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ದೃಢೀಕರಿಸಿ ರುಜು ಹಾಕಬೇಕು. ಛಾಪಾ ಕಾಗದ ಬೇಕಿಲ್ಲ. ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. 1908ರ ನೋಂದಣಿ ಕಾಯಿದೆಯ ಪ್ರಕಾರ ಮೊಹರು ಮಾಡಿದ ಲಕೋಟೆಯಲ್ಲಿ ಉಯಿಲನ್ನಿಟ್ಟು ಜಿಲ್ಲಾ ರಿಜಿಸ್ಟ್ರಾರರ ವಶದಲ್ಲಿ ಇರಿಸುವುದಕ್ಕೂ ಅವಕಾಶವುಂಟು.

ಸರಳವಾದುದೆಂದು ಉಪೇಕ್ಷಿಸುವಂತಿಲ್ಲ. ಕಲ್ಕತ್ತದ ಪ್ರಖ್ಯಾತ ವಕೀಲರಾಗಿದ್ದ ಪ್ರಸನ್ನಕುಮಾರ ಟಾಗೋರರು 1868ರಲ್ಲಿ ತೀರಿಕೊಂಡರು. ಕ್ರೈಸ್ತಮತಕ್ಕೆ ಸೇರಿದ್ದ ಮಗನಿಗೆ ಏನೂ ಸೇರದಂತೆ, ಇನ್ನೂ ಹುಟ್ಟದಿದ್ದವರವರೆಗೆ ಆಸ್ತಿ ಹರಿದುಹೋಗುವಂತೆ ಅವರು ಉಯಿಲು ಬರೆದಿದ್ದರು. ಹುಟ್ಟದವನಿಗೆ ಕೊಡುವುದು ಹಿಂದೂ ನ್ಯಾಯದಲ್ಲಿ ಸಲ್ಲದೆಂದು 1872ರಲ್ಲಿ ಪ್ರಿವಿ ಕೌನ್ಸಿಲು ತೀರ್ಪುಕೊಟ್ಟಿತು. ಕಾನೂನು ಬಲ್ಲವರ ಉಯಿಲಿಗೇ ಹೀಗಾದ ಮೇಲೆ ಉಳಿದವರು ಎಷ್ಟು ಎಚ್ಚರದಿಂದಿರಬೇಕು! ಅದೇ ಉಯಿಲಿನಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ಉಪನ್ಯಾಸಗಳಿಗೆಂದು ಅವರು ಬಿಟ್ಟ ದತ್ತಿ ಮಾತ್ರ ಅವರ ಹೆಸರನ್ನು ಉಳಿಸಿತು.

ನಿರ್ವಾಹಕನ ಕೆಲಸಗಳು

ಉಯಿಲು ಬರೆದವನು ತೀರಿಕೊಂಡೊಡನೆ ಅವನ ಆಸ್ತಿಯು ಕಾಯಿದೆಯ ದೃಷ್ಟಿಯಲ್ಲಿ ನಿರ್ವಾಹಕನ ವಶಕ್ಕೆ ಬರುತ್ತದೆ. ವಶಕ್ಕೆ ಬಂದರೂ ಅವನದಾಗುವುದಿಲ್ಲ. ದೇವಸ್ಥಾನದ ಮೊಕ್ತೇಸರನ ಸೊಂಟದಲ್ಲಿ ಬೀಗದ ಕೈ ಇರುತ್ತದೆ. ಆದರೆ ಪೆಟ್ಟಿಗೆಯೊಳಗಿನ ಒಡವೆ ದೇವರದು. ನಿರ್ವಾಹಕನ ಸ್ಥಿತಿಯೂ ಅಂಥದೇ.

ಅವನ ಮೊದಲನೆಯ ಕೆಲಸ ಮೃತನ ಅಂತ್ಯಕ್ರಿಯೆಗಳು ಅಂತಸ್ತಿಗೆ ತಕ್ಕಂತೆ ನಡೆಯುವಂತೆ ನೋಡುವುದು. ಎರಡನೆಯದು ಆಸ್ತಿಯನ್ನು ಗುರುತಿಸಿ ಕಾಪಾಡುವುದು. ಪಹಣಿ, ಖಾತೆ, ಬ್ಯಾಂಕಿನ ಠೇವಣಿ, ವಿಮೆ, ಷೇರು, ಕೈಸಾಲದ ಚೀಟಿ ಇವೆಲ್ಲವನ್ನೂ ಹುಡುಕಿ ಪಟ್ಟಿಮಾಡಬೇಕು. ಮೂರನೆಯದು, ಅಗತ್ಯವಿದ್ದಲ್ಲಿ ಪ್ರೊಬೇಟ್ ಪಡೆಯುವುದು. ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದೆಂದು ನ್ಯಾಯಾಲಯವು ತನ್ನ ಮೊಹರಿನೊಡನೆ ದೃಢಪಡಿಸಿ, ನಿರ್ವಾಹಕನಿಗೆ ಅಧಿಕಾರವಿತ್ತು ಕೊಡುವ ಪ್ರತಿ. ಕಲ್ಕತ್ತ, ಮದ್ರಾಸು, ಮುಂಬಯಿಗಳಿಗೆ ಸಂಬಂಧಪಟ್ಟ ಹಿಂದೂ ಉಯಿಲುಗಳಿಗೆ ಇದು ಬಹುಕಾಲ ಕಡ್ಡಾಯವಾಗಿತ್ತು. ಆ ವಿಧಿಯನ್ನು ಸಂಸತ್ತು 2025ರಲ್ಲಿ ತೆಗೆದುಹಾಕಿತು. ಆದರೂ ಉಯಿಲಿನ ಸತ್ಯತೆಯನ್ನು ಯಾರಾದರೂ ಪ್ರಶ್ನಿಸುವ ಸಂಭವವಿದ್ದರೆ ಪ್ರೊಬೇಟ್ ಪಡೆಯುವುದೇ ಕ್ಷೇಮ. ಪಡೆದ ಆರು ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾಖರ್ಚಿನ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ನ್ಯಾಯಾಲಯವು ಹೆಚ್ಚು ಕಾಲಾವಕಾಶ ಕೊಡಬಹುದು.

ನಾಲ್ಕನೆಯದು ಸಾಲ ತೀರಿಸುವುದು. ಇದಕ್ಕೊಂದು ಕ್ರಮವುಂಟು. ಅಂತ್ಯಕ್ರಿಯೆಯ ಖರ್ಚು, ಕೊನೆಯ ಕಾಯಿಲೆಯ ವೈದ್ಯರ ಖರ್ಚು ಮೊದಲು. ನ್ಯಾಯಾಲಯದ ಖರ್ಚು ಆಮೇಲೆ. ಅದರ ನಂತರ ಮೃತನಲ್ಲಿ ದುಡಿದ ಕೂಲಿಯವನು, ಕಸಬುದಾರ, ಮನೆಯ ಆಳು ಇವರಿಗೆ ಸಲ್ಲಬೇಕಾದ ಕಡೆಯ ಮೂರು ತಿಂಗಳ ಸಂಬಳ. ಅನಂತರವೇ ಉಳಿದ ಸಾಲಗಾರರು. ಬಡವನ ಕೂಲಿಯನ್ನು ದೊಡ್ಡ ಸಾಲಕ್ಕಿಂತ ಮುಂದಿಟ್ಟ ಈ ವಿಧಿಯನ್ನು ಓದಿದಾಗ ಕಾನೂನಿಗೂ ಹೃದಯವುಂಟೆಂದು ನನಗೆ ತೋರಿತು. ಸಾಲಗಳೆಲ್ಲ ತೀರಿದ ಮೇಲೆ ಉಳಿದುದನ್ನು ಉಯಿಲಿನಂತೆ ಹಂಚುವುದು ಐದನೆಯ ಕೆಲಸ. ಇದಕ್ಕೆ ಮರಣದಿಂದ ಒಂದು ವರ್ಷದ ಕಾಲವನ್ನು ಕಾಯಿದೆಯು ಅವನಿಗೆ ಕೊಟ್ಟಿದೆ. ಅಷ್ಟರೊಳಗೆ ಕೊಡಲೇಬೇಕೆಂದು ಅವನನ್ನು ಒತ್ತಾಯಪಡಿಸುವಂತಿಲ್ಲ. ಅವನು ಆಸ್ತಿಯನ್ನು ದುರುಪಯೋಗಪಡಿಸಿದರೆ, ಅಥವಾ ಬರಬೇಕಾದುದನ್ನು ಉದಾಸೀನದಿಂದ ವಸೂಲು ಮಾಡದೆ ಬಿಟ್ಟರೆ, ನಷ್ಟವನ್ನು ಸ್ವಂತ ಕೈಯಿಂದ ತುಂಬಿಕೊಡಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸುವುದು ಅವಶ್ಯಕ. ಠೇವಣಿಗೆ ನಾಮಿನಿಯಾಗಿ ಹೆಸರು ಬರೆಸಿಕೊಂಡವನೇ ಹಣದ ಒಡೆಯನೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಅವನು ಹಣವನ್ನು ಪಡೆದು ವಾರಸುದಾರರ ಪರವಾಗಿ ಇಟ್ಟುಕೊಳ್ಳುವವನಷ್ಟೆ. ಕಂಪನಿಯ ಷೇರುಗಳಿಗೂ ಇದೇ ನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪುಕೊಟ್ಟಿದೆ. ಇನ್ನೊಂದು: ಸಾವಿನ ಮನೆಗೆ ಮೊದಲು ಬಂದು ಬೀರುವಿನ ಬಾಗಿಲು ತೆಗೆದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುವ ನೆಂಟನೊಬ್ಬನು ಎಲ್ಲೆಲ್ಲೂ ಇರುತ್ತಾನೆ. ಅಧಿಕಾರವಿಲ್ಲದೆ ಹೀಗೆ ಕೈಹಾಕಿದವನನ್ನು ಕಾಯಿದೆಯು ತನ್ನ ತಪ್ಪಿನಿಂದಲೇ ನಿರ್ವಾಹಕನಾದವನೆಂದು ಕರೆದು, ಕೈಗೆ ಬಂದ ಆಸ್ತಿಯ ಮಟ್ಟಿಗೆ ಹೊಣೆ ಹೊರಿಸುತ್ತದೆ. ಆಸ್ತಿಯನ್ನು ಕಾಪಾಡುವುದಕ್ಕೋ, ಅಂತ್ಯಕ್ರಿಯೆಗೋ, ಮನೆಯವರ ತತ್ಕಾಲದ ಅವಶ್ಯಕತೆಗೋ ಮಾಡಿದ್ದರೆ ಮಾತ್ರ ಈ ದೋಷ ತಗಲದು.

ಎರಡು ನಿದರ್ಶನಗಳು

ನಿರ್ವಾಹಕನು ಎಂಥವನಾಗಿರಬೇಕೆಂಬುದನ್ನು ಲೋಕಪ್ರಸಿದ್ಧವಾದ ಎರಡು ಉಯಿಲುಗಳಿಂದ ತಿಳಿಯಬಹುದು. ಒಂದನ್ನು ನಡೆಸಿದವನು ಪರಿಚಿತನಾದ ಯುವಕ. ಇನ್ನೊಂದನ್ನು ನಡೆಸಿದ್ದು ಸರಕಾರದ ಒಂದು ಅಧಿಕಾರಸ್ಥಾನ.

ಡೈನಮೈಟನ್ನು ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ಲನು 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ, ವಕೀಲರ ನೆರವಿಲ್ಲದೆ, ತನ್ನ ಕೈಯಿಂದಲೇ ಉಯಿಲು ಬರೆದನು. 1896ರ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೋದಲ್ಲಿ ತೀರಿಕೊಂಡನು. ಸುಮಾರು 3 ಕೋಟಿ 10 ಲಕ್ಷ ಸ್ವೀಡಿಷ್ ಕ್ರೋನರುಗಳ ಆ ಆಸ್ತಿಯ ಬಹುಭಾಗವನ್ನು ನಿಧಿಯಾಗಿಸಿ, ಅದರ ಬಡ್ಡಿಯಿಂದ ವರ್ಷವರ್ಷವೂ ಪಾರಿತೋಷಕ ಕೊಡಬೇಕೆಂದು ಅವನ ಇಚ್ಛೆ. ಆದರೆ ನಿಧಿಯನ್ನು ಹಿಡಿಯತಕ್ಕ ಸಂಸ್ಥೆಯೇ ಆಗ ಇರಲಿಲ್ಲ! ಪಾರಿತೋಷಕ ಕೊಡಬೇಕಾದ ಅಕಾಡೆಮಿಗಳನ್ನೂ ಅವನು ಕೇಳಿರಲಿಲ್ಲ. ಇಬ್ಬರು ನಿರ್ವಾಹಕರಲ್ಲಿ ಮುಖ್ಯನಾದ ರಾಗ್ನರ್ ಸೋಲ್‌ಮನ್ ಅವನ ಸಹಾಯಕ, ರಸಾಯನಶಾಸ್ತ್ರ ಬಲ್ಲವನು, 26 ವರ್ಷದ ತರುಣ. ತನ್ನನ್ನು ನೇಮಿಸಿರುವ ಸಂಗತಿ ಅವನಿಗೆ ತಿಳಿದದ್ದೇ ನೊಬೆಲ್ಲನು ತೀರಿಕೊಂಡ ಮೇಲೆ.

ಬಂಧುಗಳಲ್ಲಿ ಕೆಲವರು ಉಯಿಲನ್ನು ವಿರೋಧಿಸಿದರು. ಆಸ್ತಿಯು ಹಲವು ದೇಶಗಳಲ್ಲಿ ಚದುರಿತ್ತು. ನೊಬೆಲ್ಲನು ಯಾವ ದೇಶದ ನಿವಾಸಿಯೆಂಬುದೇ ವಿವಾದವಾಯಿತು. ಫ್ರಾನ್ಸಿನ ನ್ಯಾಯಾಲಯವು ಆಸ್ತಿಯನ್ನು ತಡೆಹಿಡಿಯುವ ಮೊದಲೇ ಸೋಲ್‌ಮನ್ನನು ಪ್ಯಾರಿಸ್ಸಿನ ಬ್ಯಾಂಕಿನಿಂದ ಸಾಲಪತ್ರಗಳನ್ನೂ ಷೇರುಗಳನ್ನೂ ಹೊರತೆಗೆದು, ಕೈಯಲ್ಲಿ ಪಿಸ್ತೂಲು ಹಿಡಿದು, ಕುದುರೆಗಾಡಿಯಲ್ಲಿ ಸಾಗಿಸಿ ದೇಶದಿಂದ ಹೊರಕ್ಕೆ ಕಳುಹಿಸಿದನು. ನೊಬೆಲ್ಲನ ಅಣ್ಣನ ಮಗ ಎಮಾನುಯೆಲ್ಲನು ಉಯಿಲನ್ನು ಗೌರವಿಸಲು ಒಪ್ಪಿದ್ದು ದೊಡ್ಡ ಬಲವಾಯಿತು. 1898ರಲ್ಲಿ ಬಂಧುಗಳೊಡನೆ ರಾಜಿಯಾಯಿತು. 1900ರ ಜೂನ್ 29ರಂದು ನೊಬೆಲ್ ಪ್ರತಿಷ್ಠಾನದ ನಿಯಮಗಳು ಅಂಗೀಕೃತವಾದವು. 1901ರ ಡಿಸೆಂಬರ್ 10ರಂದು ಮೊದಲ ಪಾರಿತೋಷಕಗಳು ಸಂದವು. 1913ರಲ್ಲಿ ರವೀಂದ್ರರಿಗೂ 1930ರಲ್ಲಿ ಸಿ. ವಿ. ರಾಮನ್ನರಿಗೂ ದೊರೆತ ಗೌರವದ ಹಿಂದೆ ಈ ತರುಣನ ನಾಲ್ಕು ವರ್ಷದ ದುಡಿಮೆಯಿದೆ. ನೊಬೆಲ್ಲನು ಈ ಶ್ರಮವನ್ನು ಮೊದಲೇ ಊಹಿಸಿದ್ದನೆಂದು ತೋರುತ್ತದೆ. ಸೋಲ್‌ಮನ್ನನಿಗೆ 1 ಲಕ್ಷ, ಇನ್ನೊಬ್ಬ ನಿರ್ವಾಹಕನಿಗೆ 50 ಸಾವಿರ ಕ್ರೋನರುಗಳ ಪ್ರತಿಫಲವನ್ನು ಉಯಿಲಿನಲ್ಲಿಯೇ ಗೊತ್ತುಪಡಿಸಿದ್ದನು.

ಎರಡನೆಯದು ನಾಟಕಕಾರ ಬರ್ನಾರ್ಡ್ ಷಾ ಅವರ ಉಯಿಲು. ಇಂಗ್ಲೆಂಡಿನಲ್ಲಿ 1906ರ ಕಾಯಿದೆಯೊಂದರಿಂದ ಪಬ್ಲಿಕ್ ಟ್ರಸ್ಟಿ ಎಂಬ ಅಧಿಕಾರಸ್ಥಾನವನ್ನು ಸೃಷ್ಟಿಸಿದರು. 1908ರಲ್ಲಿ ಅದು ಕೆಲಸ ಆರಂಭಿಸಿತು. ನಂಬಿಕೆಯ ನಿರ್ವಾಹಕನು ದೊರೆಯದವರಿಗೆ ಸರಕಾರವೇ ಒಬ್ಬನನ್ನು ಒದಗಿಸಿದಂತಾಯಿತು. ಕುಳಿತವರು ಬದಲಾದರೂ ಸ್ಥಾನಕ್ಕೆ ಸಾವಿಲ್ಲ. 1950ರ ನವೆಂಬರ್ 2ರಂದು ತೀರಿಕೊಂಡ ಷಾ ಅವರು ಈ ಪಬ್ಲಿಕ್ ಟ್ರಸ್ಟಿಯನ್ನೇ ತಮ್ಮ ನಿರ್ವಾಹಕನನ್ನಾಗಿ ನೇಮಿಸಿದ್ದರು. ಇಂಗ್ಲಿಷಿನ ಕಾಗುಣಿತದ ಅವ್ಯವಸ್ಥೆ ಅವರ ಹಳೆಯ ವೈರಿ. ಒಂದು ಧ್ವನಿಗೆ ಒಂದು ಅಕ್ಷರವಿರುವಂತೆ, ಕನಿಷ್ಠ 40 ಅಕ್ಷರಗಳ ಹೊಸ ವರ್ಣಮಾಲೆಯೊಂದನ್ನು ರೂಪಿಸಲು ತಮ್ಮ ಹಣದಲ್ಲಿ ಒಂದು ಭಾಗ ವೆಚ್ಚವಾಗಬೇಕೆಂದು ಬರೆದಿದ್ದರು. ಧ್ವನಿಗೆ ತಕ್ಕ ಅಕ್ಷರದ ಕನ್ನಡದಲ್ಲಿ ಹುಟ್ಟಿದ ನಮಗೆ ಈ ಹಂಬಲ ಅರ್ಥವಾಗುವಂಥದು. ಉಳಿದ ಹಣವು ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ನಾಟಕ ಅಕಾಡೆಮಿ, ಐರ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆ ಇವುಗಳಿಗೆ ಸೇರತಕ್ಕದ್ದು.

ವರ್ಣಮಾಲೆಗೆ ಹಣ ಹೋದರೆ ಆ ಮೂರು ಸಂಸ್ಥೆಗಳ ಪಾಲು ಕಡಮೆಯಾಗುತ್ತದೆ. ಪಬ್ಲಿಕ್ ಟ್ರಸ್ಟಿಯು ಆ ಕಡೆಗೂ ಈ ಕಡೆಗೂ ವಾಲದೆ, ತನಗೆ ದಾರಿ ತೋರಿಸಬೇಕೆಂದು ನ್ಯಾಯಾಲಯವನ್ನು ಕೇಳಿದನು. ಈ ಏರ್ಪಾಡು ಕಾನೂನು ಒಪ್ಪುವ ಧರ್ಮಾರ್ಥದ ಎಲ್ಲೆಯೊಳಗೆ ಬಾರದು, ಆದ್ದರಿಂದ ಅಸಿಂಧುವೆಂದು 1957ರಲ್ಲಿ ತೀರ್ಪಾಯಿತು. ಕಡೆಗೆ ರಾಜಿಯಿಂದ ವರ್ಣಮಾಲೆಗೆ ಸಣ್ಣ ಮೊತ್ತವೊಂದು ದೊರೆಯಿತು. ಸ್ಪರ್ಧೆ ನಡೆಸಿ ಲಿಪಿಯನ್ನು ಆರಿಸಿದರು. ಷಾ ಅವರ ಆಂಡ್ರೊಕ್ಲಿಸ್ ನಾಟಕವು ಹೊಸ ಲಿಪಿಯಲ್ಲಿ 1962ರಲ್ಲಿ ಅಚ್ಚಾಯಿತು.

ಈ ಎರಡನ್ನೂ ಹೋಲಿಸಿದರೆ ಒಂದು ವಿಷಯ ಹೊಳೆಯುತ್ತದೆ. ಸೋಲ್‌ಮನ್ನನಿಗೆ ನೊಬೆಲ್ಲನ ಮನಸ್ಸು ಗೊತ್ತಿತ್ತು. ಬರೆಹದಲ್ಲಿ ಇಲ್ಲದ್ದನ್ನು ಅವನು ತನ್ನ ತಿಳಿವಿನಿಂದ ತುಂಬಿದನು. ಪಬ್ಲಿಕ್ ಟ್ರಸ್ಟಿಗೆ ಷಾ ಅವರ ಬರೆಹವಷ್ಟೇ ಗೊತ್ತು. ಅವನು ನಿಷ್ಪಕ್ಷಪಾತಿ, ಆದರೆ ಮನಸ್ಸಿಗಾಗಿ ಹೋರಾಡುವವನಲ್ಲ. ಒಬ್ಬನಲ್ಲಿ ಹೃದಯವಿತ್ತು, ಇನ್ನೊಬ್ಬನಲ್ಲಿ ತಕ್ಕಡಿಯಿತ್ತು. ಇಬ್ಬರಿಗೂ ಸಾಮಾನ್ಯವಾದ ಗುಣ ಮತ್ತೊಂದುಂಟು: ಹಂಚಿಕೆ ಹೀಗಾದರೆ ಲಾಭ, ಹಾಗಾದರೆ ನಷ್ಟ ಎಂಬ ಭಯ ಇಬ್ಬರಿಗೂ ಇರಲಿಲ್ಲ.

ವೃತ್ತಿನಿರತ ನಿರ್ವಾಹಕನು ಯಾರಿಗೆ ಬೇಕು?

ದಶರಥನ ಮಾತನ್ನು ನಡೆಸುವ ಹೊಣೆ ಬಿದ್ದದ್ದು ರಾಮನ ಮೇಲೆ. ಆ ಮಾತು ನಡೆದರೆ ರಾಜ್ಯ ಕಳೆದುಕೊಳ್ಳುವವನೂ ರಾಮನೇ. ಆದರೂ ಅವನು ನಡೆಸಿದನು. ಅದಕ್ಕಾಗಿಯೇ ಅವನನ್ನು ಇಂದಿಗೂ ನೆನೆಯುತ್ತೇವೆ. ಆದರೆ ಕಾಯಿದೆಗಳು ಇರುವುದು ನಮ್ಮಂಥ ಸಾಮಾನ್ಯರಿಗಾಗಿ. ತನಗೇ ನಷ್ಟವಾಗುವ ಮಾತನ್ನು ತಾನೇ ಕೂಡಲೇ ನಡೆಸಬೇಕೆಂದು ಸಾಮಾನ್ಯನಿಂದ ನಿರೀಕ್ಷಿಸುವುದು ಅವನ ಮೇಲೆ ಹೇರುವ ಅನ್ಯಾಯವೇ ಸರಿ. ಸಂಬಳದ ನಿರ್ವಾಹಕನನ್ನು ನೇಮಿಸುವುದು ಮನೆಯವರು ಕಳ್ಳರೆಂಬ ಸಂಶಯದಿಂದಲ್ಲ; ಪ್ರಾಮಾಣಿಕನಾದ ಅಣ್ಣನನ್ನು ಈ ಸಂಕಟದಿಂದ ಪಾರುಮಾಡುವುದಕ್ಕಾಗಿ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು.

ಎಲ್ಲರಿಗೂ ಇದು ಬೇಕೆಂದಲ್ಲ. ಇರುವುದು ಒಂದು ಮನೆ, ಎರಡು ಎಕರೆ. ಮಕ್ಕಳಲ್ಲಿ ಒಗ್ಗಟ್ಟಿದೆ ಎಂದಾದರೆ ಬೇರೆಯವರಿಗೆ ಹಣ ತೆರುವ ಕಾರಣವಿಲ್ಲ. ಆದರೆ ಹಂಚಬೇಕಾದ ಆಸ್ತಿಯು ಹಂಚುವವನ ಅನುಭವದಲ್ಲಿಯೇ ಇರುವಾಗ, ವಾರಸುದಾರರಲ್ಲಿ ಎಳೆಯ ಮಕ್ಕಳೋ ಬುದ್ಧಿಮಾಂದ್ಯರೋ ಇರುವಾಗ, ಇಬ್ಬರು ಹೆಂಡಿರ ಮಕ್ಕಳಿರುವಾಗ, ವ್ಯಾಪಾರವೋ ಕಾರ್ಖಾನೆಯೋ ನಡೆಯುತ್ತಿರುವಾಗ, ಮಕ್ಕಳೆಲ್ಲ ಪರದೇಶದಲ್ಲಿ ನೆಲೆಸಿ ವೃದ್ಧರು ಮಾತ್ರ ಊರಿನಲ್ಲಿರುವಾಗ, ಅಥವಾ ಮಕ್ಕಳಿಲ್ಲದವರು ಶಾಲೆಗೋ ಆಸ್ಪತ್ರೆಗೋ ದತ್ತಿ ಬಿಡುವಾಗ, ವೃತ್ತಿನಿರತನ ನೆರವು ಬೆಲೆಯುಳ್ಳದ್ದು. ಕಾಯಿದೆ ಬಲ್ಲವನು, ಲೆಕ್ಕ ಇಡುವ ಅಭ್ಯಾಸವುಳ್ಳವನು, ಮನೆಯ ಮುನಿಸುಗಳಲ್ಲಿ ಪಾಲಿಲ್ಲದವನು ಹಂಚಿದಾಗ ಮನಸ್ಸು ಕಹಿಯಾಗುವುದು ಕಡಮೆ.

ನಮ್ಮಲ್ಲಿ ಈ ಕೆಲಸ ವಹಿಸಿಕೊಳ್ಳಬಲ್ಲವರು ಯಾರು? ವಕೀಲರು, ಲೆಕ್ಕ ಪರಿಶೋಧಕರು ವೈಯಕ್ತಿಕವಾಗಿ ಒಪ್ಪಬಹುದು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯು ಬ್ಯಾಂಕುಗಳು ಮಾಡಬಹುದಾದ ವ್ಯವಹಾರಗಳಲ್ಲಿ ನಿರ್ವಾಹಕರಾಗಿ ಆಸ್ತಿ ನಡೆಸುವುದನ್ನೂ ಸೇರಿಸಿದೆ. ಇದಕ್ಕೆಂದೇ ಇರುವ ಟ್ರಸ್ಟಿ ಕಂಪನಿಗಳೂ ಉಂಟು. 1963ರ ಕಾಯಿದೆಯಂತೆ ರಾಜ್ಯ ಸರಕಾರಗಳು ನೇಮಿಸುವ ಅಡ್ಮಿನಿಸ್ಟ್ರೇಟರ್ ಜನರಲ್ ಎಂಬ ಅಧಿಕಾರಿಯೂ ಉಂಟು. ಹೊಣೆ ಹೊರಲಾರದ ಖಾಸಗಿ ನಿರ್ವಾಹಕನು ಅವರ ಒಪ್ಪಿಗೆ ಪಡೆದು ಆಸ್ತಿಯನ್ನು ಅವರಿಗೆ ವಹಿಸಬಹುದು. ಖಾಸಗಿ ನಿರ್ವಾಹಕನು ಪಡೆಯುವ ಕಮಿಷನ್ನು ಈ ಅಧಿಕಾರಿಗೆ ಗೊತ್ತುಪಡಿಸಿದ ದರವನ್ನು ಮೀರಬಾರದೆಂದು ಉತ್ತರಾಧಿಕಾರ ಕಾಯಿದೆ ಮಿತಿ ಹಾಕಿದೆ.

ಗಮನದಲ್ಲಿಡಬೇಕಾದ ವಿಷಯಗಳು

ಮೊದಲನೆಯದಾಗಿ, ನೇಮಿಸುವ ಮುನ್ನ ಒಪ್ಪಿಗೆ ಕೇಳಬೇಕು. ಹೆಸರು ಬರೆದ ಮಾತ್ರಕ್ಕೆ ಯಾರೂ ಬದ್ಧರಲ್ಲ, ಅವರು ನಿರಾಕರಿಸಬಹುದು. ನೊಬೆಲ್ಲನಿಗೆ ಸೋಲ್‌ಮನ್ ಸಿಕ್ಕಿದ್ದು ಅದೃಷ್ಟ. ಎರಡನೆಯದಾಗಿ, ಒಬ್ಬನು ಮೊದಲೇ ತೀರಿಕೊಂಡರೆ ಅಥವಾ ಒಲ್ಲೆನೆಂದರೆ ಅವನ ಸ್ಥಾನಕ್ಕೆ ಬರತಕ್ಕ ಇನ್ನೊಬ್ಬನ ಹೆಸರಿರಬೇಕು. ಮೂರನೆಯದಾಗಿ, ವಕೀಲರ ಕಚೇರಿಯ ಹೆಸರನ್ನು ಬರೆಯದೆ ವ್ಯಕ್ತಿಯ ಹೆಸರನ್ನೇ ಬರೆಯಬೇಕು. ರಾಜ್ಯ ಸರಕಾರದ ನಿಯಮಗಳಿಗೆ ಒಳಪಟ್ಟ ಕಂಪನಿಯ ಹೊರತು ಬೇರೆ ಯಾವ ಕೂಟಕ್ಕೂ ಪ್ರೊಬೇಟ್ ದೊರೆಯದು. ನಾಲ್ಕನೆಯದಾಗಿ, ಪ್ರತಿಫಲವೆಷ್ಟು, ಖರ್ಚು ಯಾವುದರಿಂದ, ಲೆಕ್ಕವನ್ನು ಎಲ್ಲ ವಾರಸುದಾರರಿಗೂ ಎಂದು ತೋರಿಸಬೇಕು ಎಂಬುದು ಬರೆಹದಲ್ಲಿರಬೇಕು. ಐದನೆಯದಾಗಿ, ಆಸ್ತಿಯ ಪಟ್ಟಿಯೂ ಪತ್ರಗಳಿರುವ ಜಾಗವೂ ನಿರ್ವಾಹಕನಿಗೆ ಗೊತ್ತಿರಬೇಕು.

ಕಡೆಯದಾಗಿ, ಹೃದಯ ಮತ್ತು ತಕ್ಕಡಿ ಎರಡೂ ಬೇಕೆನ್ನುವವರು ಒಬ್ಬ ಬಂಧುವನ್ನೂ ಒಬ್ಬ ವೃತ್ತಿನಿರತನನ್ನೂ ಜೊತೆಯಾಗಿ ನೇಮಿಸಬಹುದು. ನನ್ನ ಅಲ್ಪಮತಿಗೆ ಇದೇ ಮೇಲಾದ ಮಾರ್ಗವೆಂದು ತೋರುತ್ತದೆ. ಹಾಗೆ ಮಾಡುವಾಗ ಒಂದು ಎಚ್ಚರ ಬೇಕು. ಹಲವು ನಿರ್ವಾಹಕರಿದ್ದರೆ, ಉಯಿಲಿನಲ್ಲಿ ಬೇರೆ ಹೇಳದ ಪಕ್ಷದಲ್ಲಿ, ಪ್ರೊಬೇಟ್ ಪಡೆದ ಯಾರೊಬ್ಬನಾದರೂ ಎಲ್ಲರ ಅಧಿಕಾರವನ್ನು ಚಲಾಯಿಸಬಹುದೆಂದು ಕಾಯಿದೆ ಹೇಳುತ್ತದೆ. ಆದ್ದರಿಂದ ಸ್ಥಿರಾಸ್ತಿಯ ಮಾರಾಟಕ್ಕೆ ಇಬ್ಬರ ರುಜುವೂ ಬೇಕೆಂದು ಬರೆದಿಡುವುದು ಒಳ್ಳೆಯದು. ಇಂಥ ದಿನದೊಳಗೆ ಮಾರಬೇಕು ಎಂಬ ಅವಧಿಯನ್ನೂ ಬರೆದರೆ ಮಳೆಗಾಲ ಕಳೆಯಲಿ ಎನ್ನುವ ಅವಕಾಶವೇ ಇರದು.

ವಿದ್ಯಾರ್ಥಿಗಳಾದ ನಮಗೆ ಆಸ್ತಿಯೆಲ್ಲಿ, ಉಯಿಲೆಲ್ಲಿ ಎಂದು ಯಾರಾದರೂ ಕೇಳಬಹುದು. ನಮಗಿಲ್ಲದಿದ್ದರೂ ನಮ್ಮ ಹಿರಿಯರಿಗಿದೆ. ಅವರು ಬರೆಯುವ ಒಂದು ಸಾಲಿನ ಮೇಲೆ ನಮ್ಮ ಓದು ನಿಂತಿರಬಹುದು. ಸಾವಿನ ಮಾತನ್ನು ಮನೆಯಲ್ಲಿ ಎತ್ತುವುದು ಅಮಂಗಳವೆಂದು ನಾವು ಸುಮ್ಮನಿರುತ್ತೇವೆ. ಓದು ಬಲ್ಲ ಮಕ್ಕಳು ಸಮಯವರಿತು, ವಿನಯದಿಂದ, "ಉಯಿಲಿನಲ್ಲಿ ಹಂಚುವವರು ಯಾರೆಂದು ಬರೆದಿದ್ದೀರಿ?" ಎಂದು ಒಮ್ಮೆ ಕೇಳಿದರೆ ಅದು ದುರಾಶೆಯಾಗದು, ಸೇವೆಯಾದೀತು.

ಮನೆ ಮಾರಾಟವಾದ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯ ಮೇಲೆ ಸೋದರಮಾವನವರು ನನ್ನ ತಾಯಿಯ ಬಳಿ ಕುಳಿತು ಆಡಿದ ಮಾತು ನನಗಿನ್ನೂ ನೆನಪಿದೆ. "ಅಪ್ಪ ನನಗೆ ಪಾಲು ಕೊಟ್ಟದ್ದು ಸರಿ ಕಣಮ್ಮ. ತಕ್ಕಡಿಯನ್ನೂ ನನ್ನ ಕೈಗೇ ಕೊಡಬಾರದಾಗಿತ್ತು." ಚಿಕ್ಕಮ್ಮ ಅಲ್ಲಿಯೇ ಇದ್ದರು, ಏನೂ ಹೇಳಲಿಲ್ಲ. ಅವರ ಮಗಳು ಆ ದಿನ ಅಂಗಡಿಗೆ ರಜ ಸಿಗದೆ ಬಂದಿರಲಿಲ್ಲ.